ಹೊಸ ಫೋನ್ ಬಂತು, ಹಳೇದಕ್ಕೆ ಏನಾಗಿದೆ?

2025ರ ದೀಪಾವಳಿಗೆ ಹತ್ತು ದಿನ ಇರುವಾಗ ಅಣ್ಣನ ಮಗ ತಿಕೋಟಾದಿಂದ ವಿಜಯಪುರಕ್ಕೆ ಬಂದಿದ್ದ. ಚಹಾ ಕುಡಿಯುವ ಮುಂಚೆಯೇ ಫೋನ್ ತೆಗೆದು ನನ್ನ ಮುಂದೆ ಹಿಡಿದ. ಅದರಲ್ಲಿ ಆಗಷ್ಟೇ ಬಿಡುಗಡೆಯಾದ ಫೋನಿನ ಜಾಹೀರಾತು. ಬೆಲೆ ಸಣ್ಣ ಅಕ್ಷರದಲ್ಲಿ, ತಿಂಗಳ ಕಂತು ದೊಡ್ಡ ಅಕ್ಷರದಲ್ಲಿ ಇತ್ತು.

"ಕಾಕಾ, ಇದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸಾದು ತಗೋಬೇಕಂತ ಮಾಡೀನಿ. ನೀವೇನಂತೀರಿ?"

"ಹಳೇದಕ್ಕ ಏನಾಗ್ಯದೋ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಂದೊಂದೇ ಹೇಳಿದ. ಮಧ್ಯಾಹ್ನ ಮೂರಕ್ಕೆ ಚಾರ್ಜ್ ಮುಗಿಯುತ್ತದೆ. ವಾಟ್ಸ್‌ಆ್ಯಪ್ ತೆಗೆದರೆ ಹ್ಯಾಂಗ್ ಆಗುತ್ತದೆ. ಕೆಲವೊಮ್ಮೆ ಶೇ 20ರಷ್ಟು ಚಾರ್ಜ್ ತೋರಿಸುತ್ತಿರುವಾಗಲೇ ಪಟ್ಟಂತ ಆಫ್ ಆಗುತ್ತದೆ. ಫೋನಿಗೆ ಮೂರೂವರೆ ವರ್ಷ ಆಗಿತ್ತು.

ಅವನು ಬಂದ ಹೊತ್ತನ್ನೂ ನೋಡಬೇಕು. ಅಕ್ಟೋಬರ್ ಅಂದರೆ ದ್ರಾಕ್ಷಿ ಪಡದಲ್ಲಿ ಚಾಟ್ನಿ (ಬಳ್ಳಿ ಕತ್ತರಿಸುವುದು) ಮಾಡಿ ಔಷಧ ಹೊಡೆಯುವ ಕಾಲ. ಕೈಯಿಂದ ದುಡ್ಡು ಹೋಗುವ ತಿಂಗಳು. ಹಣ್ಣು ಕೈಗೆ ಬರುವುದು ಫೆಬ್ರುವರಿ ಹೊತ್ತಿಗೆ, ಒಣದ್ರಾಕ್ಷಿ ಮಾಡಿ ಮಾರುವುದು ಬೇಸಿಗೆಯಲ್ಲಿ. ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬಿನವರದೂ ಇದೇ ಕಥೆ. ಕಾರ್ಖಾನೆ ಶುರುವಾಗುವುದು ನವೆಂಬರ್ ಹೊತ್ತಿಗೆ, ಬಿಲ್ ಬರುವುದು ಅದರ ಮೇಲೆ. ಆದರೆ ಹೊಸ ಐಫೋನ್ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಆನ್‌ಲೈನ್ ಅಂಗಡಿಗಳ ಹಬ್ಬದ ಸೇಲ್ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೈ ಖಾಲಿ ಇರುವ ತಿಂಗಳಲ್ಲೇ ಹೊಸ ಫೋನ್ ಕಣ್ಣಿಗೆ ಬೀಳುತ್ತದೆ. ನಡುವಿನ ಆ ಅಂತರವನ್ನು ಕಂತು ತುಂಬುತ್ತದೆ.

ಹೊಸ ಫೋನ್ ಚೆನ್ನಾಗಿದೆಯಾ ಅಂತ ಕೇಳಿದರೆ ಉತ್ತರ ಯಾವಾಗಲೂ ಹೌದು. ಚೆನ್ನಾಗಿಯೇ ಇರುತ್ತದೆ. ನಾನು ಎರಡು ಬೇರೆ ಪ್ರಶ್ನೆ ಕೇಳುತ್ತೇನೆ. ಈಗಿರುವ ಫೋನ್ ಯಾವ ಕೆಲಸದಲ್ಲಿ ಸೋಲುತ್ತಿದೆ? ನನ್ನ ದುಡ್ಡು ಯಾವ ತಿಂಗಳಲ್ಲಿ ಬರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಮಾಡೆಲ್ ಆರಿಸುವುದು ಸುಲಭ.

ಬಿಸಿಲು ತಿನ್ನುವ ಬ್ಯಾಟರಿ

ಅಣ್ಣನ ಮಗ ಹೇಳಿದ ಮೂರು ತೊಂದರೆಗಳಲ್ಲಿ ಎರಡು ನೇರವಾಗಿ ಬ್ಯಾಟರಿಯವು. ಮೂರನೆಯದರಲ್ಲೂ ಬ್ಯಾಟರಿಯ ಪಾಲು ಇರಬಹುದು. ನಮ್ಮ ಜಿಲ್ಲೆಗಳಲ್ಲಿ ಇದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು, ಯಾಕೆಂದರೆ ನಮ್ಮ ಬಿಸಿಲು ಬೇರೆ.

ಫೋನಿನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತವೆ, ಬಳಸುವಾಗ ವಾಪಸ್ ಬರುತ್ತವೆ. ಪ್ರತಿ ಸಲ ಹೋಗಿ ಬರುವಾಗ ಒಳಗೆ ಒಂದು ತೆಳು ಪದರ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ, ಒಂದಿಷ್ಟು ಲಿಥಿಯಂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೂಳು ತುಂಬುತ್ತಿರುವ ಕೆರೆಯನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ದಂಡೆ ಮುಟ್ಟ ನೀರು ಕಾಣುತ್ತದೆ, ಆದರೆ ಜನವರಿಗೇ ತಳ ಕಾಣಿಸುತ್ತದೆ. ಹಳೆ ಬ್ಯಾಟರಿಯೂ ಶೇ 100 ಅಂತಲೇ ತೋರಿಸುತ್ತದೆ. ಆ ನೂರರ ಒಳಗಿನ ಪ್ರಮಾಣ ಕಡಿಮೆಯಾಗಿರುತ್ತದೆ.

ಈ ಹೂಳು ಬೇಗ ತುಂಬುವುದು ಶಾಖದಿಂದ. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕು ಅಂತ ಆ್ಯಪಲ್ ಹೇಳುತ್ತದೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಇನ್ನು ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನ್, ಟ್ರ್ಯಾಕ್ಟರ್ ಮೇಲೆ ಬಿಸಿಲಿಗೆ ಬಿಟ್ಟ ಫೋನ್, ಅಂಗಿ ಜೇಬಿನಲ್ಲಿ ಹಾಡು ಹಾಡುತ್ತಾ ಇಡೀ ದಿನ ಹೊಲದಲ್ಲಿ ಕಳೆಯುವ ಫೋನ್ ಎಷ್ಟು ಕಾಯುತ್ತವೆ ಅಂತ ಊಹಿಸಿ. ಬೆಂಗಳೂರಿನ ಆಫೀಸಿನಲ್ಲಿರುವ ಅದೇ ಮಾಡೆಲ್‌ಗಿಂತ ನಮ್ಮ ಹೊಲದ ಫೋನಿನ ಬ್ಯಾಟರಿ ಬೇಗ ಸವೆಯುತ್ತದೆ. ಹಾಗಾಗಿ ಊರಾಚೆಯ ವಿಮರ್ಶಕರು ಹೇಳುವ ಬ್ಯಾಟರಿ ಬಾಳಿಕೆಯನ್ನು ನಾವು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಬೇಕು.

ಸೈಕಲ್ ಅನ್ನುವ ಮಾತೂ ಕೇಳಿರುತ್ತೀರಿ. ಒಟ್ಟು ಶೇ 100ರಷ್ಟು ಚಾರ್ಜ್ ಬಳಸಿದರೆ ಅದು ಒಂದು ಸೈಕಲ್. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೂ ಒಂದೇ. ಐಫೋನ್ 14 ಮತ್ತು ಅದಕ್ಕಿಂತ ಹಳೆಯವು 500 ಸೈಕಲ್ ಆದ ಮೇಲೆ ಮೂಲ ಸಾಮರ್ಥ್ಯದ ಶೇ 80 ಉಳಿಸಿಕೊಳ್ಳುವಂತೆ ಮಾಡಿದವು. ಐಫೋನ್ 15ರಿಂದ ಈ ಲೆಕ್ಕ 1,000 ಸೈಕಲ್. ಇದು ಒಳ್ಳೆ ವಾತಾವರಣದ ಲೆಕ್ಕ ಅನ್ನುವುದು ನೆನಪಿರಲಿ. ದಿನಕ್ಕೊಂದು ಸೈಕಲ್ ಖರ್ಚು ಮಾಡುವವರಿಗೆ 500 ಅಂದರೆ ಒಂದೂವರೆ ವರ್ಷಕ್ಕಿಂತ ಕಡಿಮೆ.

ಇನ್ನು ಹ್ಯಾಂಗ್ ಆಗುವುದು. 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಒಂದು ವಿಷಯ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದ ಕೆಲವು ಐಫೋನ್‌ಗಳು ದಿಢೀರ್ ಆಫ್ ಆಗಬಾರದು ಅಂತ ಸಾಫ್ಟ್‌ವೇರ್ ಮೂಲಕ ಅವುಗಳ ವೇಗ ಕಡಿಮೆ ಮಾಡಲಾಗಿತ್ತು. ಜನರಿಗೆ ಇದು ಗೊತ್ತಿರಲಿಲ್ಲ. ಫೋನ್ ನಿಧಾನ ಆಯಿತು ಅಂತ ಎಷ್ಟೋ ಜನ ಹೊಸದು ಕೊಂಡಿದ್ದರು. ಗಲಾಟೆ ಆದ ಮೇಲೆ ಕಂಪನಿ ಕ್ಷಮೆ ಕೇಳಿತು, ಬ್ಯಾಟರಿ ಬದಲಿಸುವ ದರ ಇಳಿಸಿತು. ಆ ಘಟನೆಯಿಂದ ನಾನು ಒಂದು ಪಾಠ ಇಟ್ಟುಕೊಂಡಿದ್ದೇನೆ: ಫೋನ್ ನಿಧಾನ ಆದರೆ ಮೊದಲು ಬ್ಯಾಟರಿ ನೋಡು.

ಫೋನ್ ನಿಧಾನ ಆಗಲು ಎರಡನೆಯ ಕಾರಣ ಸ್ಟೋರೇಜ್. ಅಣ್ಣನ ಮಗನ ಫೋನಿನಲ್ಲಿ 64 ಜಿಬಿ ಜಾಗ ಇತ್ತು, ಅದರಲ್ಲಿ ಎರಡು ಜಿಬಿ ಕೂಡ ಖಾಲಿ ಇರಲಿಲ್ಲ. ಜಾಗ ಪೂರ್ತಿ ತುಂಬಿದರೆ ಫೋನ್ ಬರೆಯಲು, ಅಳಿಸಲು ತಿಣುಕುತ್ತದೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರೇಜ್ ತೆರೆದೆವು. ಶುಭೋದಯದ ಚಿತ್ರಗಳು, ಒಂದೇ ಮದುವೆಯ ವಿಡಿಯೋ ನಾಲ್ಕು ಗುಂಪಿನಿಂದ ಬಂದದ್ದು, ದ್ರಾಕ್ಷಿ ರೋಗದ ಗುಂಪಿನ ನೂರಾರು ಫೋಟೋ. ಅರ್ಧ ಗಂಟೆ ಕೂತು ತೆಗೆದೆವು. ಹದಿನೆಂಟು ಜಿಬಿ ಖಾಲಿ ಆಯಿತು.

ಬ್ಯಾಟರಿ ಹಾಕಿಸುವಾಗ ಮಾತ್ರ ಹುಷಾರಾಗಿರಿ. ಎರಡು ವರ್ಷದ ಹಿಂದೆ ನಾನು ಒಂದು ಅಂಗಡಿಯಲ್ಲಿ 600 ರೂಪಾಯಿಗೆ ಬ್ಯಾಟರಿ ಹಾಕಿಸಿದ್ದೆ. ನಾಲ್ಕೇ ತಿಂಗಳಲ್ಲಿ ಅದು ಉಬ್ಬಿ ಫೋನಿನ ಹಿಂದಿನ ಮುಚ್ಚಳ ಎದ್ದಿತು. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಲ್ಲದು. ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಕಂಪನಿಯ ಸರ್ವಿಸ್ ಸೆಂಟರ್ ಇದ್ದರೆ ಅಲ್ಲೇ ಹಾಕಿಸಿ. ಇಲ್ಲದಿದ್ದರೆ ಬಿಲ್ ಕೊಟ್ಟು ಆರು ತಿಂಗಳ ಗ್ಯಾರಂಟಿ ಬರೆದುಕೊಡುವ ಅಂಗಡಿ ಹುಡುಕಿ. ಅಣ್ಣನ ಮಗನಿಗೆ 1,800 ರೂಪಾಯಿ ಆಯಿತು. ಆಫ್ ಆಗುವುದು ಅವತ್ತೇ ನಿಂತಿತು.

ಹೊಸ ಫೋನಿನ ಪರವಾಗಿಯೂ ಇಲ್ಲಿ ಒಂದು ಮಾತು ಹೇಳಬೇಕು. ಸಿಲಿಕಾನ್ ಕಾರ್ಬನ್ ಅನ್ನುವ ಹೊಸ ಬಗೆಯ ಬ್ಯಾಟರಿ ಬಂದ ಮೇಲೆ ಅದೇ ದಪ್ಪದ ಫೋನಿನಲ್ಲಿ 7,000 ಎಂಎಎಚ್‌ಗಿಂತ (ಬ್ಯಾಟರಿ ಸಾಮರ್ಥ್ಯದ ಅಳತೆ) ಜಾಸ್ತಿ ತುಂಬಿಸುತ್ತಿದ್ದಾರೆ. 2025ರ ನವೆಂಬರ್‌ನಲ್ಲಿ ಬಂದ ಒನ್‌ಪ್ಲಸ್ 15ರಲ್ಲಿ 7,300 ಎಂಎಎಚ್ ಇದೆ. ದಿನವಿಡೀ ಹೊಲದಲ್ಲಿ ಇರುವವರಿಗೆ, ಕರೆಂಟ್ ನೆಚ್ಚಿಕೊಳ್ಳಲಾಗದ ತೋಟದ ಮನೆಯವರಿಗೆ, ಲಾರಿ ಓಡಿಸುವವರಿಗೆ ಇದು ನಿಜವಾದ ಅನುಕೂಲ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಇದಕ್ಕೆ ದುಡ್ಡು ಕೊಡುವುದು ಮೇಲು ಅಂತ ನನ್ನ ಅನಿಸಿಕೆ.

ಅಪ್‌ಡೇಟ್ ನಿಂತ ಫೋನ್

ಬ್ಯಾಟರಿ ಬದಲಿಸಬಹುದು. ಕಂಪನಿ ಅಪ್‌ಡೇಟ್ ನಿಲ್ಲಿಸಿದರೆ ಸರಿಪಡಿಸಲು ನಮ್ಮ ಕೈಯಲ್ಲಿ ಏನೂ ಇಲ್ಲ. ಹಾಗಾಗಿ ಫೋನ್ ಬದಲಿಸಲು ಇದೇ ಗಟ್ಟಿ ಕಾರಣ. ಆದರೆ ಇದನ್ನು ನೋಡುವವರು ಕಡಿಮೆ.

ಆಂಡ್ರಾಯ್ಡ್ ಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್ ತೆರೆಯಿರಿ. ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ದಿನಾಂಕ ಕಾಣುತ್ತದೆ. ಅದು ಕಳೆದ ಕೆಲವು ತಿಂಗಳದ್ದಾಗಿದ್ದರೆ ಚಿಂತೆ ಇಲ್ಲ. ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ, ಹೊಸ ಅಪ್‌ಡೇಟ್ ಕೂಡ ಬರುತ್ತಿಲ್ಲ ಅಂದರೆ, ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮುಂದುವರಿಸುವ ಬಗ್ಗೆ ಯೋಚಿಸಬೇಕು. ಈ ಅಪ್‌ಡೇಟ್‌ಗಳು ಸಾಫ್ಟ್‌ವೇರ್‌ನಲ್ಲಿ ಸಿಕ್ಕ ತೂತುಗಳನ್ನು ಮುಚ್ಚುತ್ತವೆ. ತೂತು ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾದ ಮೇಲೂ ನಮ್ಮ ಫೋನಿನಲ್ಲಿ ಮಾತ್ರ ಅದು ಹಾಗೇ ಉಳಿದರೆ ಅಪಾಯ ಅಲ್ವಾ?

ಈಗ ಈ ವಿಷಯದಲ್ಲಿ ಕಾಲ ಒಳ್ಳೆಯ ಕಡೆಗೆ ತಿರುಗಿದೆ. ಗೂಗಲ್ 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ಕ್ಕೆ ಏಳು ವರ್ಷದ ಅಪ್‌ಡೇಟ್ ಕೊಡುವುದಾಗಿ ಹೇಳಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಗೆ ಸ್ಯಾಮ್‌ಸಂಗ್ ಅದೇ ಮಾತು ಕೊಟ್ಟಿತು. 2025ರಲ್ಲಿ ಬಂದ ಅದರ ಮಧ್ಯಮ ಬೆಲೆಯ ಎ36, ಎ56ಗೆ ಆರು ವರ್ಷ. ಆ್ಯಪಲ್ ಮೊದಲಿನಿಂದಲೂ ಈ ವಿಷಯದಲ್ಲಿ ಮುಂದೆ. 2019ರ ಐಫೋನ್ 11ಕ್ಕೆ 2025ರಲ್ಲಿ ಐಒಎಸ್ 26 ಸಿಕ್ಕಿತು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಇದು ಕಾನೂನೇ ಆಗಿದೆ. ಮಾಡೆಲ್‌ನ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕು, ಏಳು ವರ್ಷ ಮುಖ್ಯ ಬಿಡಿಭಾಗ ಸಿಗುವಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಯುರೋಪಿನಂಥ ಗಟ್ಟಿ ನಿಯಮ ನಮಗೂ ಬೇಕು. ವರ್ಷದಲ್ಲಿ ಎರಡು ತಿಂಗಳು ಕುದಿಯುವ ನಮ್ಮಂಥ ಊರಿನವರಿಗೆ ಬಿಡಿಭಾಗದ ಅಗತ್ಯ ಇನ್ನೂ ಜಾಸ್ತಿ.

ಅಂಗಡಿಯಲ್ಲಿ ಹೇಳದ ಒಂದು ಲೆಕ್ಕ ಇದೆ. ಈ ಏಳು, ಆರು ವರ್ಷಗಳು ಶುರುವಾಗುವುದು ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಗ್ಯಾಲಕ್ಸಿ ಎಸ್24 ಇವತ್ತು ಕಡಿಮೆಗೆ ಸಿಕ್ಕರೂ ಅದರ ಅಪ್‌ಡೇಟ್ ಮುಗಿಯುವುದು 2031ರಲ್ಲೇ. ಆದರೂ ಅಷ್ಟು ವರ್ಷ ಸಾಕಷ್ಟಾಯಿತು. ತೊಂದರೆ ಇರುವುದು ಎರಡೇ ವರ್ಷ ಅಪ್‌ಡೇಟ್ ಇರುವ ಅಗ್ಗದ ಫೋನ್‌ಗಳಲ್ಲಿ. ಬಿಡುಗಡೆಯಾಗಿ ಒಂದೂವರೆ ವರ್ಷದ ಮೇಲೆ ಸೇಲ್‌ನಲ್ಲಿ ಕೊಂಡರೆ ಮನೆಗೆ ಬಂದ ಆರೇ ತಿಂಗಳಿಗೆ ಅದು ಅನಾಥ. 9,000ಕ್ಕೆ ಕೊಂಡು ಎರಡು ವರ್ಷ ಬಳಸುವುದೋ, 20,000ಕ್ಕೆ ಕೊಂಡು ಐದು ವರ್ಷ ಬಳಸುವುದೋ ಅಂತ ಭಾಗಿಸಿ ನೋಡಿ. ವರ್ಷಕ್ಕೆ 4,500, ವರ್ಷಕ್ಕೆ 4,000.

ಅಪ್‌ಡೇಟ್ ಇರುವ ಫೋನ್ ಕೊಂಡರೆ ಮೋಸ ಆಗುವುದೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಮದುವೆ ಆಮಂತ್ರಣ, ಬೈಕಿನ ಚಲನ್, ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಕಡತ) ಒತ್ತಿ ಕಳ್ಳರನ್ನು ನಾವೇ ಒಳಗೆ ಬಿಟ್ಟುಕೊಂಡರೆ ಎಂಥ ದುಬಾರಿ ಫೋನೂ ಕಾಪಾಡುವುದು ಕಷ್ಟ. ಹಾಗೇನಾದರೂ ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

5ಜಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೇಶದಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್ 1ರಂದು. ಹೊಸದಾಗಿ ಕೊಳ್ಳುವವರು 5ಜಿ ಇರುವುದನ್ನೇ ಕೊಳ್ಳಿ. ಆದರೆ 4ಜಿ ಫೋನ್ ಚೆನ್ನಾಗಿ ನಡೆಯುತ್ತಿದ್ದರೆ 5ಜಿಗೋಸ್ಕರ ಮಾತ್ರ ಬದಲಿಸುವ ಮುಂಚೆ ಗೆಳೆಯನ 5ಜಿ ಫೋನ್ ತಗೊಂಡು ನಿಮ್ಮ ಹೊಲಕ್ಕೆ, ನಿಮ್ಮ ಪಡಸಾಲೆಗೆ ಹೋಗಿ ಸಿಗ್ನಲ್ ನೋಡಿ. ಬಿಎಸ್‌ಎನ್‌ಎಲ್ ಸಿಮ್ ಇರುವವರಂತೂ ಅವಸರ ಮಾಡಬೇಕಿಲ್ಲ, ಅದರ ದೇಶೀ 4ಜಿಗೇ ಚಾಲನೆ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ.

ಎಐ (ಕೃತಕ ಬುದ್ಧಿಮತ್ತೆ) ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದರಲ್ಲಿ ಬಹಳಷ್ಟು ಕೆಲಸ ನಡೆಯುವುದು ಕಂಪನಿಯ ದೂರದ ಸರ್ವರ್‌ಗಳಲ್ಲಿ, ಹಾಗಾಗಿ ಆ್ಯಪ್ ಮೂಲಕ ಹಳೆ ಫೋನಿಗೂ ಬರುತ್ತದೆ. ಮಾತಾಡಿ ಕೇಳಿದರೆ ಮಾತಲ್ಲೇ ಉತ್ತರಿಸುವ ಗೂಗಲ್‌ನ ಜೆಮಿನಿ ಲೈವ್‌ಗೆ ಕನ್ನಡ ಬರುವುದನ್ನು 2024ರ ಅಕ್ಟೋಬರ್‌ನಲ್ಲೇ ಹೇಳಿದ್ದರು, ಅದಕ್ಕೆ ಹೊಸ ಫೋನ್ ಬೇಕಿಲ್ಲ. ಆ್ಯಪಲ್‌ನ ಎಐ ಆದ ಆ್ಯಪಲ್ ಇಂಟೆಲಿಜೆನ್ಸ್‌ಗೆ ಐಫೋನ್ 15 ಪ್ರೊ ಅಥವಾ ಅದಕ್ಕಿಂತ ಮುಂದಿನದು ಬೇಕು. ಆದರೆ 2025ರ ಕೊನೆಗೂ ಅದರ ಭಾಷೆಗಳಲ್ಲಿ ಕನ್ನಡ ಇರಲಿಲ್ಲ.

ಇಪ್ಪತ್ತೈದು ಟನ್ ಕಬ್ಬು

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಐಫೋನ್ 17 ಬಂದಾಗ ಅದರ ಬೆಲೆ 82,900 ರೂಪಾಯಿ. ಅದೇ ವರ್ಷದ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಕೊನೆಗೆ 3,300ಕ್ಕೆ ತೀರ್ಮಾನ ಆಯಿತು. ಆ ದರದಲ್ಲಿ ಒಂದು ಐಫೋನ್ 17 ಅಂದರೆ ಸುಮಾರು 25 ಟನ್ ಕಬ್ಬು. ಎಕರೆಗೆ 40 ಟನ್ ತೆಗೆಯುವ ರೈತನಿಗೂ ಅದು ಅರ್ಧ ಎಕರೆಗಿಂತ ಜಾಸ್ತಿ ಜಾಗದ ಪೂರ್ತಿ ವರ್ಷದ ಬೆಳೆ. ಅದೂ ಗೊಬ್ಬರ, ನೀರು, ಕಟಾವಿನ ಖರ್ಚು ಕಳೆಯುವ ಮುಂಚಿನ ಲೆಕ್ಕ. ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ದುಡಿದವರಿಗೆ ಕೊಳ್ಳುವ ಹಕ್ಕಿದೆ. ಆದರೆ ಬೆಲೆಯನ್ನು ತಿಂಗಳ ಕಂತಿನಲ್ಲಿ ನೋಡುವ ಬದಲು ಟನ್ನಿನಲ್ಲಿ, ಪೆಟ್ಟಿಗೆ ಒಣದ್ರಾಕ್ಷಿಯಲ್ಲಿ, ಕೂಲಿಯ ದಿನಗಳಲ್ಲಿ ಒಮ್ಮೆ ನೋಡಿ.

ಕಂತಿನ ಒಳಗೆ ಏನಿದೆ ಅಂತ ಅಣ್ಣನ ಮಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. 24,000 ರೂಪಾಯಿಯ ಫೋನ್, 12 ತಿಂಗಳು, ತಿಂಗಳಿಗೆ 2,000, 'ನೋ ಕಾಸ್ಟ್ ಇಎಂಐ'. ನೋಡಿದರೆ ಬಡ್ಡಿಯೇ ಇಲ್ಲ. ಆದರೆ ಬ್ಯಾಂಕು ಬಡ್ಡಿ ಬಿಡುವುದಿಲ್ಲ. ವರ್ಷಕ್ಕೆ ಶೇ 16ರ ಬಡ್ಡಿ ಅಂತ ಹಿಡಿದರೆ, ಈ 24,000ದಲ್ಲಿ ಅಸಲು ಸುಮಾರು 22,040, ಬಡ್ಡಿ ಸುಮಾರು 1,960. ಆ 1,960ನ್ನು ಕಂಪನಿಯೋ ಅಂಗಡಿಯೋ ಮೊದಲೇ ರಿಯಾಯಿತಿ ಅಂತ ಕಡಿಮೆ ಮಾಡಿರುತ್ತದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಸುಮಾರು 350 ನಮ್ಮ ತಲೆ ಮೇಲೆ. ಪ್ರೊಸೆಸಿಂಗ್ ಶುಲ್ಕ 199 ಇದ್ದರೆ ಅದು, ಅದರ ಮೇಲಿನ ಜಿಎಸ್‌ಟಿ ಸೇರಿ 235. ಒಟ್ಟು 585 ಚಿಲ್ಲರೆ ಜಾಸ್ತಿ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಕಂತಿನವರಿಗೆ ಕೊಟ್ಟ ಆ 1,960ರ ರಿಯಾಯಿತಿಯನ್ನು ನಗದು ಕೊಡುವವರು ಕೇಳಿ ಪಡೆಯಬಹುದಿತ್ತು. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಹೇಳಿದೆ.

ಒಂದು ಕಂತು ತಪ್ಪಿದರೆ ದಂಡ, ಚೆಕ್ ಬೌನ್ಸ್ ಶುಲ್ಕ, ಸಿಬಿಲ್ ಅಂಕದ (ಸಾಲ ಕೊಡುವ ಮುಂಚೆ ಬ್ಯಾಂಕು ನೋಡುವ ಅಂಕ) ಇಳಿತ. ಮುಂದೆ ಟ್ರ್ಯಾಕ್ಟರ್ ಸಾಲಕ್ಕೋ ಮಗಳ ಓದಿನ ಸಾಲಕ್ಕೋ ಹೋದಾಗ ಈ ಎರಡು ಸಾವಿರದ ಕಂತು ಅಡ್ಡ ಬರಬಾರದು. ತಿಂಗಳ ಸಂಬಳ ಇರುವವರಿಗೆ ಕಂತು ಕಟ್ಟುವುದು ಒಂದು ಬಗೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ದುಡ್ಡು ನೋಡುವ ಮನೆಗೆ ಅದು ಬೇರೆಯೇ ಬಗೆ.

ಕಾದರೆ ಬೆಲೆ ಇಳಿಯುತ್ತದೆ ಅನ್ನುವುದು ಹಳೆ ಅನುಭವ. ಐಫೋನ್ 17 ಬಂದ ದಿನವೇ ಐಫೋನ್ 16ರ ಬೆಲೆ 79,900ರಿಂದ 69,900ಕ್ಕೆ ಇಳಿಯಿತು. ಆಂಡ್ರಾಯ್ಡ್ ಫೋನ್‌ಗಳು ಆರೆಂಟು ತಿಂಗಳಲ್ಲಿ ಇನ್ನೂ ಬೇಗ ಇಳಿಯುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ಬಂದ ಫೋನನ್ನು ಒಣದ್ರಾಕ್ಷಿ ಮಾರಿದ ಮೇಲೆ ಏಪ್ರಿಲ್‌ನಲ್ಲಿ ಕೊಂಡರೆ ನಗದೂ ಇರುತ್ತಿತ್ತು, ಬೆಲೆಯೂ ಕಡಿಮೆ ಇರುತ್ತಿತ್ತು.

ಆದರೆ 2025ರ ಕೊನೆಯ ತಿಂಗಳುಗಳಿಂದ ಈ ಲೆಕ್ಕಕ್ಕೆ ಒಂದು ಪೆಟ್ಟು ಬಿದ್ದಿದೆ. ಫೋನಿನ ರ‍್ಯಾಮ್‌ಗೂ ಎಐ ನಡೆಸುವ ದೊಡ್ಡ ಸರ್ವರ್‌ಗಳಿಗೂ ಮೆಮೊರಿ ಚಿಪ್ ಬೇಕು. ಇದನ್ನು ಮಾಡುವ ದೊಡ್ಡ ಕಂಪನಿಗಳು ಮುಖ್ಯವಾಗಿ ಮೂರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಸರ್ವರ್‌ಗಳ ಬೇಡಿಕೆ ಏರಿದಾಗ ಕಾರ್ಖಾನೆಯ ಸಾಮರ್ಥ್ಯ ಆ ಕಡೆ ತಿರುಗಿತು. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಮೆಮೊರಿ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಮೆಮೊರಿ ತುಟ್ಟಿಯಾದಾಗ ಫೋನ್ ಕಂಪನಿಗೆ ಎರಡು ದಾರಿ. ಬೆಲೆ ಏರಿಸಬೇಕು, ಇಲ್ಲವೇ ಅದೇ ಬೆಲೆಗೆ ಕಡಿಮೆ ರ‍್ಯಾಮ್ ಕೊಡಬೇಕು. ಇದರ ಬಿಸಿ ಜಾಸ್ತಿ ತಟ್ಟುವುದು ಹತ್ತು ಹದಿನೈದು ಸಾವಿರದ ಫೋನ್‌ಗಳಿಗೆ, ಯಾಕೆಂದರೆ ಅವುಗಳ ಬೆಲೆಯಲ್ಲಿ ಲಾಭದ ಜಾಗ ಮೊದಲೇ ಕಡಿಮೆ.

ಹಾಗಾದರೆ ಈಗಲೇ ಓಡಿಹೋಗಿ ಕೊಳ್ಳಬೇಕಾ? ಫೋನ್ ಸರಿಯಾಗಿರುವವರಿಗೆ ಇದು ರಿಪೇರಿ ಮಾಡಿಸಿ ಇನ್ನೆರಡು ವರ್ಷ ನಡೆಸಲು ಇನ್ನೂ ಒಳ್ಳೆಯ ಕಾರಣ. ನಿಜವಾಗಿ ಬದಲಿಸಲೇಬೇಕಾದವರು ಮಾತ್ರ ಮುಂದಿನ ಮಾಡೆಲ್ ಅಗ್ಗ ಆಗುತ್ತದೆ ಅಂತ ಕಾಯಬೇಡಿ. ಕಳೆದ ವರ್ಷದ ಮಾಡೆಲ್ 8 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್‌ನೊಂದಿಗೆ ಸಿಕ್ಕರೆ ಅದೇ ಬೆಲೆಯ ಈ ವರ್ಷದ ಮಾಡೆಲ್‌ಗಿಂತ ಮೇಲಾಗಿರಬಹುದು. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ತೆರಿಗೆ ಇಳಿದೀತು ಅಂತಲೂ ಕಾಯಬೇಡಿ. 2020ರ ಏಪ್ರಿಲ್‌ನಲ್ಲಿ ಮೊಬೈಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಟಿವಿ, ಎಸಿಗಳ ತೆರಿಗೆ 28ರಿಂದ 18ಕ್ಕೆ ಬಂದಾಗಲೂ ಮೊಬೈಲ್‌ನದು 18ರಲ್ಲೇ ಉಳಿಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಹಳ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಕೊಡುವ ಮುಂಚೆ ಆ ಫೋನಿನಲ್ಲಿ *#06# ಒತ್ತಿ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಆದ ಗುರುತಿನ ಸಂಖ್ಯೆ ನೋಡಿ. ಇಂಗ್ಲಿಷ್‌ನ ಕೆ, ವೈ, ಎಂ ಅಕ್ಷರ ಬರೆದು, ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲ್‌ನಲ್ಲೂ ನೋಡಬಹುದು. ಬ್ಲ್ಯಾಕ್‌ಲಿಸ್ಟ್ ಅಂತ ಬಂದರೆ ಮುಟ್ಟಬೇಡಿ. ಕದ್ದ ಫೋನ್ ಅಂತ ಗೊತ್ತಾದರೆ ದುಡ್ಡೂ ಹೋಗುತ್ತದೆ, ಪೊಲೀಸ್ ಠಾಣೆಗೂ ಅಲೆಯಬೇಕು. ಹಾಗೇ ನಿಮ್ಮ ಹಳೆ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವಾಗ ಗೂಗಲ್ ಅಕೌಂಟ್ ತೆಗೆದು, ಯುಪಿಐ ಆ್ಯಪ್‌ಗಳಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಿ.

ಇಳಕಲ್ ಸೀರೆಯ ಕೆಂಪು

ಇಷ್ಟೆಲ್ಲ ಓದಿ, ನಾನು ಹೊಸ ಫೋನಿಗೆ ವಿರೋಧಿ ಅಂತ ತಿಳಿಯಬೇಡಿ. ಇಳಕಲ್‌ಗೆ ಕೊಟ್ಟಿರುವ ನನ್ನ ತಂಗಿಗೆ ನಾನೇ ಹೊಸದು ತಗೋ ಅಂತ ಹೇಳಿದೆ.

ಅವಳು ಮನೆಯಿಂದಲೇ ಸೀರೆ ಮಾರುತ್ತಾಳೆ. ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾಳೆ, ಪುಣೆಯಿಂದ, ಹುಬ್ಬಳ್ಳಿಯಿಂದ ಆರ್ಡರ್ ಬರುತ್ತದೆ. ಇಳಕಲ್ ಸೀರೆಯ ಜೀವ ಇರುವುದು ಆ ಕೆಂಪು ಸೆರಗಿನಲ್ಲಿ, ಸೆರಗಿನ ಮೇಲಿನ ತೋಪ್ ತೆನಿ ಅನ್ನುವ ವಿನ್ಯಾಸದಲ್ಲಿ. ಅದೇ ಕೆಂಪು ಅವಳ ಫೋನಿನಲ್ಲಿ ಕಿತ್ತಳೆ ಹಾಗೆ ಬರುತ್ತಿತ್ತು. "ಫೋಟೋದಾಗ ಒಂದು, ಕೈಗೆ ಬಂದಾಗ ಒಂದು ಅಂತ ವಾಪಸ್ ಕಳಸ್ತಾರ ಅಣ್ಣಾ" ಅಂತ ಹೇಳಿದಾಗ ಅವಳ ದನಿಯಲ್ಲಿ ಬೇಸರ ಇತ್ತು. ಹೋಗಿ ಬರುವ ಕೊರಿಯರ್ ಖರ್ಚು ಅವಳದೇ. ಅವಳಿಗೆ ಫೋನ್ ಅಂದರೆ ಮಗ್ಗದಷ್ಟೇ ಮುಖ್ಯವಾದ ಸಾಧನ. ಅದು ಸೋಲುತ್ತಿರುವ ಕೆಲಸ ಯಾವುದು ಅಂತ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಆದರೂ ಹೊಸ ಫೋನಿನಲ್ಲಿ ಬಣ್ಣ ತಾನಾಗಿಯೇ ಸರಿ ಬರುತ್ತದೆ ಅನ್ನುವ ಹಾಗಿಲ್ಲ. ಗಾಢ ಕೆಂಪು ಫೋನ್ ಕ್ಯಾಮೆರಾಗಳಿಗೆ ಕಷ್ಟದ ಬಣ್ಣ. ಸೆನ್ಸರ್‌ನಲ್ಲಿ ಕೆಂಪಿನ ಪಾಲು ಬೇಗ ತುಂಬಿಬಿಡುತ್ತದೆ, ನೂಲಿನ ಗೆರೆಗಳು ಕಲಸಿಹೋಗುತ್ತವೆ. ಅದರ ಮೇಲೆ ಸಾಫ್ಟ್‌ವೇರ್ ಫೋಟೋವನ್ನು ಕಣ್ಣಿಗೆ ಚಂದ ಕಾಣಿಸಲು ಬಣ್ಣ ಏರಿಸುತ್ತದೆ. ಊಟದ ತಟ್ಟೆ, ಆಕಾಶ ಇದರಿಂದ ಚಂದ ಕಾಣುತ್ತವೆ. ಸೀರೆ ಮಾರುವವರಿಗೆ ಚಂದಕ್ಕಿಂತ ನಿಜ ಬಣ್ಣ ಬೇಕು. ಕೆಲವು ಹೊಸ ಫೋನ್‌ಗಳೂ ಹೀಗೆ ಬಣ್ಣ ಏರಿಸುತ್ತವೆ.

ಮೊದಲು ದುಡ್ಡಿಲ್ಲದ ಉಪಾಯಗಳನ್ನು ಮಾಡಿಸಿದೆ. ಟ್ಯೂಬ್‌ಲೈಟ್ ಬಿಟ್ಟು ಬೆಳಿಗ್ಗೆ ಪಡಸಾಲೆಯ ನೆರಳಿನಲ್ಲಿ ಫೋಟೋ ತೆಗೆಯುವುದು. ಸೀರೆ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಬಿಳಿ ಬಿಳಿಯಾಗಿ ಬಂದಿದೆಯಾ ನೋಡುವುದು. ವಾಟ್ಸ್‌ಆ್ಯಪ್‌ನಲ್ಲಿ ಎಚ್‌ಡಿ ಒತ್ತಿ ಕಳಿಸುವುದು. ಸ್ವಲ್ಪ ಸುಧಾರಿಸಿತು, ಪೂರ್ತಿ ಸರಿ ಆಗಲಿಲ್ಲ. ಲೆನ್ಸ್ ಮೇಲೆ ಗೀರು ಬಿದ್ದಿತ್ತು. ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿದರೆ ಎರಡು ವರ್ಷ ಹಳೆಯದು. ಯುಪಿಐನಲ್ಲಿ ಗಿರಾಕಿಗಳ ದುಡ್ಡು ಬರುವುದೂ ಅದೇ ಫೋನಿಗೆ.

ಸೀರೆ ವ್ಯಾಪಾರ ಜಾಸ್ತಿ ಆಗುವುದು ಮದುವೆ ಕಾಲದಲ್ಲಿ. ಆ ದುಡ್ಡು ಬಂದ ಮೇಲೆ ಹೋಗೋಣ ಅಂತ ಮಾತಾಡಿಕೊಂಡೆವು. ಹೋದಾಗ ಅವಳು ಚೀಲದಲ್ಲಿ ಒಂದು ದಾಳಿಂಬೆ ಬಣ್ಣದ ಸೀರೆ ಹಾಕಿಕೊಂಡು ಬಂದಿದ್ದಳು. ಬಾಗಲಕೋಟೆಯ ಅಂಗಡಿಯಲ್ಲಿ ಡೆಮೊಗೆ ಇಟ್ಟಿದ್ದ ಮೂರು ಫೋನ್ ಕೇಳಿದಳು. ಅಂಗಡಿಯವರು ಒಳ್ಳೆಯವರು, ಒಪ್ಪಿದರು. ಹೊರಗೆ ಕಟ್ಟೆಯ ನೆರಳಿನಲ್ಲಿ ಸೆರಗು ಹಾಸಿ ಮೂರರಲ್ಲೂ ಒಂದೊಂದು ಫೋಟೋ ತೆಗೆದಳು. ಮೂರರ ಡಿಸ್ಪ್ಲೇಯನ್ನೂ ವಿವಿಡ್‌ನಿಂದ ನ್ಯಾಚುರಲ್‌ಗೆ ಬದಲಿಸಿ, ಫೋಟೋಗಳನ್ನು ಸೆರಗಿನ ಪಕ್ಕ ಸಾಲಾಗಿ ಇಟ್ಟು ನೋಡಿದೆವು.

ಆ ವಾರ ಬಿಡುಗಡೆಯಾಗಿದ್ದ ಫೋನಿನಲ್ಲಿ ಸೆರಗು ಗುಲಾಬಿ ಕಡೆಗೆ ಎಳೆದಿತ್ತು. ಎರಡನೆಯದರಲ್ಲಿ ಬಣ್ಣ ಸರಿ ಇತ್ತು, ಆದರೆ ನೂಲು ಕಾಣುತ್ತಿರಲಿಲ್ಲ. ಕಳೆದ ವರ್ಷದ ಮಾಡೆಲ್ ಒಂದಿತ್ತು, ಹೊಸದಕ್ಕಿಂತ 9,000 ಕಡಿಮೆ. ಅದರಲ್ಲಿ ತೆನಿಯ ಒಂದೊಂದು ಹಲ್ಲೂ ಬಿಡಿಬಿಡಿಯಾಗಿ ಬಂದಿತ್ತು, ಕೆಂಪು ಕೆಂಪಾಗಿಯೇ ಇತ್ತು. ಅವಳು ಫೋಟೋವನ್ನು ದೊಡ್ಡದು ಮಾಡಿ, ಬೆರಳಿನಿಂದ ಸೆರಗು ಸವರಿ, ಮತ್ತೆ ಫೋಟೋ ನೋಡಿದಳು.

"ಇದನ್ನ ಕೊಡ್ರಿ" ಅಂದಳು. ಐದು ವರ್ಷದ ಅಪ್‌ಡೇಟ್ ಬಾಕಿ ಇದೆಯಾ ಅಂತ ನಾನು ಅಂಗಡಿಯವರನ್ನು ಕೇಳುತ್ತಿದ್ದಾಗ ಅವಳು ಚೀಲದಿಂದ ನೋಟು ತೆಗೆದು ಎಣಿಸಲು ಶುರು ಮಾಡಿದ್ದಳು.